ವಿಡಿಯೋ ಮಾವನ ಹೆಬ್ಬೆರಳು

ಮರೆಬಂಡೆಯ ಜನಕ್ಕೆ ಹಳೆಯದೆಲ್ಲ ಬಂಗಾರ ಎನ್ನುವ ಕಾಯಿಲೆ ಹತ್ತಿದ್ದು ಎಲ್ಲರ ಕೈಗೂ ಮೊಬೈಲು ಬಂದ ಮೇಲೆ. ಅದಕ್ಕೆ ಮೊದಲು ಆ ಊರಿನಲ್ಲಿ ಹಳೆಯದು ಎಂದರೆ ತೂತುಬಿದ್ದ ಕೊಡ, ಮುರಿದ ನೊಗ, ಕೆಮ್ಮುವ ಮುದುಕರು. ಯಾರಿಗೂ ಬೇಡವಾಗಿತ್ತು. ಈಗ ‘ನಮ್ಮೂರ ನೆನಪು’ ಎಂಬ ವಾಟ್ಸಾಪ್ ಗುಂಪು ಇದೆ. ಬೆಳಿಗ್ಗೆ ಎದ್ದರೆ ಲಾಟೀನಿನ ಚಿತ್ರ, ಮಧ್ಯಾಹ್ನಕ್ಕೆ ಒರಳುಕಲ್ಲಿನ ಚಿತ್ರ. ಕೆಳಗೆ ‘ಆ ದಿನಗಳೇ ಚೆಂದ’ ಎಂದು ಗಂಡಸರು ಕಣ್ಣೀರು ಹಾಕುತ್ತಾರೆ. ಆ ಒರಳಿನಲ್ಲಿ ರುಬ್ಬಿ ರುಬ್ಬಿ ರಟ್ಟೆ ಕಳೆದುಕೊಂಡ ಹೆಂಗಸರು ಮಾತ್ರ ಅದರ ಕೆಳಗೆ ಒಂದಕ್ಷರ ಬರೆಯುವುದಿಲ್ಲ. ಅಳುವವರೆಲ್ಲ ರುಬ್ಬಿಟ್ಟದ್ದನ್ನು ತಿಂದವರು.

ಮಂಗಳಾ ಕೂಡ ಆ ಗುಂಪಿನಲ್ಲಿದ್ದಳು. ಐವತ್ತೈದು ವರ್ಷದ ಹೆಂಗಸು, ಮರೆಬಂಡೆಯ ಮಗಳು. ಕೊಟ್ಟದ್ದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆಗೆ. ಅಲ್ಲಿನ ಒಂದು ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಗುಂಪು ತೆಗೆದು ನೋಡುತ್ತಾಳೆ, ‘ಥೂ’ ಅನ್ನುತ್ತಾಳೆ, ಮುಚ್ಚಿಡುತ್ತಾಳೆ. ಹಾಗೆಂದು ಗುಂಪು ಬಿಟ್ಟು ಹೋದವಳೂ ಅಲ್ಲ. ಬೈಯುವುದಕ್ಕೂ ಒಂದು ಆಧಾರ ಬೇಕಲ್ಲ.

ಅಂಥ ಗುಂಪಿನಲ್ಲಿ ಈ ವರ್ಷ ಒಂದು ದೊಡ್ಡ ಸುದ್ದಿ ಹೊರಟಿತು. ‘ವಿಡಿಯೋ ಮಾವ’ ನರಸಿಂಹರಾಜುಗೆ ಊರಿನಿಂದ ಸನ್ಮಾನ. ಹೊರಡಿಸಿದವಳು ಅವನ ಮೊಮ್ಮಗಳು ಪ್ರಿಯಾಂಕ. ತುಮಕೂರಿನಲ್ಲಿ ಓದಿದ ಹುಡುಗಿ, ಮೊಬೈಲಿನಲ್ಲಿ ‘ತೊಂಬತ್ತರ ದಶಕದ ಮಕ್ಕಳು ನಾವು’ ಎಂದು ರೀಲ್ಸ್ ಮಾಡಿ ಹಾಕುತ್ತಾಳೆ. ಹುಟ್ಟಿದ್ದು ಎರಡು ಸಾವಿರದ ಮೂರರಲ್ಲಿ. ತಾನು ಹುಟ್ಟುವುದಕ್ಕೆ ಮೊದಲೇ ಕಳೆದುಹೋದದ್ದಕ್ಕೆ ಹೀಗೆ ಹಲುಬುವವಳನ್ನು ಮಂಗಳಾ ಇವಳೊಬ್ಬಳನ್ನೇ ಕಂಡದ್ದು.

ಈ ವಿಡಿಯೋ ಮಾವ ಯಾರು ಅನ್ನುವುದನ್ನು ಹೇಳಬೇಕು. ನರಸಿಂಹರಾಜು ಮಂಗಳಳ ತಾಯಿ ಕಾಟಮ್ಮನ ಖಾಸಾ ತಮ್ಮ. ಮಂಗಳಳಿಗೆ ಸೋದರಮಾವ. ಮರೆಬಂಡೆ ಇರುವುದು ಚನ್ನರಾಯನದುರ್ಗದ ಬೆಟ್ಟದ ಹಿಂಬದಿಯಲ್ಲಿ. ಬೆಂಗಳೂರಿನಿಂದ ಹೊರಟ ಟೀವಿಯ ಚಿತ್ರ ಬೆಟ್ಟಕ್ಕೆ ಮುಖ ಕೊಟ್ಟು ಆಚೆಯೇ ನಿಂತುಬಿಡುತ್ತಿತ್ತು. ಹುಣಸೆಮರದ ತುದಿಗೆ ಆಂಟೆನಾ ಕಟ್ಟಿ ನೋಡಿದರು, ಪಾಳುಗೋಡೆ ಹತ್ತಿ ನೋಡಿದರು. ಬಂದದ್ದು ಪರದೆ ತುಂಬ ಇರುವೆಯಂಥ ಚುಕ್ಕೆ, ಸೊಂಯ್ ಎನ್ನುವ ಸದ್ದು. ಅದೇ ಹೊತ್ತಿಗೆ ಬೆಟ್ಟದ ಮುಂದಿರುವ ಕೊರಟಗೆರೆಯಲ್ಲಿ ನರಸಿಂಹರಾಜು ಮನೆ ಮಾಡಿಕೊಂಡಿದ್ದ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ, ಕೈಯಲ್ಲಿ ಓಡಾಡುವ ಕಾಸು. ಅವನ ಮನೆಯಲ್ಲಿ ಚಿತ್ರ ಕನ್ನಡಿಯಂತೆ ಬರುತ್ತಿತ್ತು. ಅವನೊಂದು ರೆಕಾರ್ಡು ಮಾಡುವ ಡೆಕ್ಕು ಕೊಂಡ. ವಾರವಿಡೀ ಬಂದ ಧಾರಾವಾಹಿ, ಸಿನಿಮಾ, ನಾಟಕ ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಕೊಳ್ಳುತ್ತಿದ್ದ. ಭಾನುವಾರ ಡೆಕ್ಕನ್ನು ಹೊದಿಕೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕನ ಮನೆಗೆ ಬರುತ್ತಿದ್ದ. ಅಲ್ಲಿ ಭಾವ ಬೊಮ್ಮಪ್ಪನ ನಡುಮನೆಯಲ್ಲಿ ಒಂದು ಟೀವಿ ಇತ್ತು. ಮಧ್ಯಾಹ್ನ ಎರಡಕ್ಕೆ ಊರೆಲ್ಲ ಸೇರುತ್ತಿತ್ತು. ಗುರುವಾರದ ಧಾರಾವಾಹಿ ಮರೆಬಂಡೆಗೆ ಬರುವುದು ಭಾನುವಾರ, ಅದೂ ನರಸಿಂಹರಾಜುವಿನ ತೊಡೆಯ ಮೇಲೆ.

ಹಾಗಾಗಿ ಊರು ಏನು ನೋಡಬೇಕು, ಏನು ನೋಡಬಾರದು ಎಂಬುದೆಲ್ಲ ಅವನ ಹೆಬ್ಬೆರಳಿನಲ್ಲಿತ್ತು. ರೆಕಾರ್ಡು ಮಾಡುವಾಗಲೇ ಡೆಕ್ಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಜಾಹೀರಾತು ಬಂದರೆ ರೆಕಾರ್ಡು ನಿಲ್ಲಿಸುವ ಗುಂಡಿ ಒತ್ತುವನು, ಹೋದರೆ ಬಿಡುವನು. ಗಂಡು ಹೆಣ್ಣು ಹತ್ತಿರ ನಿಂತರೆ ಒತ್ತುವನು. ಕುಡುಕನ ದೃಶ್ಯಕ್ಕೆ ಒತ್ತುತ್ತಿರಲಿಲ್ಲ, ಅದು ಅವನಿಗೆ ಇಷ್ಟ. ‘ನನ್ನ ಕ್ಯಾಸೆಟ್ನಾಗೆ ಒಂದು ಕಸ ಇರಾಕಿಲ್ಲ ಕಣ್ರಪ್ಪ’ ಎಂದು ಮೀಸೆ ತಿರುವುತ್ತಿದ್ದ. ಊರಿಗೆ ಉಪಕಾರಿ ಎಂದು ಜನ ಅವನಿಗೆ ಮೊದಲ ಲೋಟದ ಕಾಫಿ ಕೊಡುತ್ತಿದ್ದರು.

ಅಲ್ಲಿಯ ಜನ ಇನ್ನೊಂದು ತಿಳಿದುಕೊಂಡಿದ್ದರು. ನೆನೆದರೆ ಈಗಲೂ ಮಂಗಳಳಿಗೆ ಮೈ ಉರಿಯುತ್ತದೆ. ಟೀವಿ ಎಂದರೆ ಆಗ ಸರ್ಕಾರದ್ದು. ಹುಳಕ್ಕೆ ಯಾವ ಸೊಪ್ಪು ಹಾಕಬೇಕು, ಮಗುವಿಗೆ ಯಾವಾಗ ಲಸಿಕೆ ಹಾಕಿಸಬೇಕು, ಎರಡು ಮಕ್ಕಳಾದ ಮೇಲೆ ಏನು ಮಾಡಿಸಿಕೊಳ್ಳಬೇಕು, ಎಲ್ಲ ಅದೇ ಹೇಳುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ಬರುವ ಧಾರಾವಾಹಿಯೂ ಸರ್ಕಾರದ ತಿಳುವಳಿಕೆಯೇ ಎಂದು ಊರು ನಂಬಿತ್ತು. ಅತ್ತೆ ಸೊಸೆ ಜಗಳವಾದರೆ ‘ಟೀವಿನಾಗೆ ಹೆಂಗೆ ಮಾಡುದ್ರು ನೋಡ್ಲಿಲ್ವಾ’ ಎಂದು ಪಂಚಾಯ್ತಿ ಕಟ್ಟೆಯ ಮೇಲೆ ಹಿರಿಯರು ತೀರ್ಮಾನ ಹೇಳುತ್ತಿದ್ದರು. ಆಸ್ತಿಯ ಪಾಲು ಪಾರೀಕತ್ತಿಗೂ ಒಂದು ಕಂತು ನೆನಪು ಮಾಡಿಕೊಳ್ಳುತ್ತಿದ್ದರು. ಕಥೆ ಬರೆದವನು ಯಾರೋ ಎಲ್ಲೋ ಸಿಗರೇಟು ಸೇದುತ್ತ ಬರೆದದ್ದು ಎಂದು ಹೇಳಿದರೆ ನಗುತ್ತಿದ್ದರು. ‘ಸರ್ಕಾರದೋರು ಸುಮ್‌ಸುಮ್ಕೆ ತೋರುಸ್ತಾರಾ?’

ಇಸವಿ ಒಂದು ಸಾವಿರದ ಒಂಬೈನೂರ ತೊಂಬತ್ತು. ಮಂಗಳಳಿಗೆ ಆಗ ಇಪ್ಪತ್ತು. ಪಿಯುಸಿ ಪಾಸಾಗಿ, ಶಿಕ್ಷಕಿಯ ತರಬೇತಿಗೆ ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಅಷ್ಟರಲ್ಲಿ ನರಸಿಂಹರಾಜು ಕಳ್ಳಂಬೆಳ್ಳದ ಕಡೆಯಿಂದ ಚಿಕ್ಕರಂಗಯ್ಯ ಎಂಬ ಗಂಡನ್ನು ತಂದ. ‘ಓದುಸ್ತಾರೆ ಕಣಕ್ಕ, ಮಾತು ಕೊಟ್ಟವ್ರೆ, ಅದಕ್ಕೆ ನಾನ್ ಜವಾಬ್ದಾರಿ’ ಎಂದು ಎದೆ ತಟ್ಟಿದ. ಮದುವೆಯಾಗಿ ಮೂರು ತಿಂಗಳಿಗೆ ಅತ್ತೆ ಅವಳ ಅಂಕಪಟ್ಟಿಗಳನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಕೇಳಿದ್ದಕ್ಕೆ ಚಿಕ್ಕರಂಗಯ್ಯ ಕೈ ಎತ್ತಿದ. ಎತ್ತಿದ ಕೈ ಒಂದು ಸಲಕ್ಕೆ ಇಳಿಯಲಿಲ್ಲ. ಮಂಗಳಾ ಉಟ್ಟ ಬಟ್ಟೆಯಲ್ಲಿ ತವರಿಗೆ ಬಂದು ಕುಳಿತಳು. ಎಂಟು ತಿಂಗಳು ಕುಳಿತಿದ್ದಳು. ಸೀಟು ಇನ್ನೊಂದು ವರ್ಷಕ್ಕೆ ಮತ್ತೆ ಸಿಗುವಂತಿತ್ತು. ಅಂಕಪಟ್ಟಿ ಬೇಕಿತ್ತು, ಮನೆಯವರ ಒಪ್ಪಿಗೆ ಬೇಕಿತ್ತು.

ಆಗಲೇ ಹದಿಮೂರು ವಾರದ ಆ ಧಾರಾವಾಹಿ ಬಂದದ್ದು. ಅದರಲ್ಲಿಯೂ ಒಬ್ಬ ಓದಿದ ಹುಡುಗಿ, ಓದು ಬೇಡ ಎನ್ನುವ ಗಂಡ, ಹೊಡೆತ, ತವರು. ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಎಲ್ಲರೂ ಟೀವಿ ನೋಡುತ್ತ ಮಧ್ಯೆ ಮಧ್ಯೆ ಮಂಗಳಳ ಬೆನ್ನು ನೋಡುತ್ತಿದ್ದರು. ಊರ ಹಿರಿಯರು ಬೊಮ್ಮಪ್ಪನಿಗೆ ಹೇಳಿಬಿಟ್ಟರು: ‘ಆತುರ ಬ್ಯಾಡ. ಸರ್ಕಾರದೋರು ಆ ಹುಡ್ಗೀನ ಏನ್ ಮಾಡ್ತಾರೋ ನೋಡ್ಕಂಡು ತೀರ್ಮಾನ ಮಾಡಾನ.’ ಬೊಮ್ಮಪ್ಪ ತಲೆಯಾಡಿಸಿದ. ತನ್ನ ಮಗಳ ಬಾಳನ್ನು ಹದಿಮೂರನೆಯ ಕಂತಿಗೆ ಕಟ್ಟಿಹಾಕಿದ ಅಪ್ಪನನ್ನು, ಅವನು ಸತ್ತ ಮೇಲೂ ಮಂಗಳಾ ಕ್ಷಮಿಸಿಲ್ಲ.

ಕಾಟಮ್ಮ ಮಾತ್ರ ಮಗಳನ್ನು ಕೊಟ್ಟಿಗೆಗೆ ಕರೆದು ಪಿಸುಗುಟ್ಟಿದ್ದಳು. “ಆ ಹುಡ್ಗಿ ಗಟ್ಟಿಯಾಗಿ ನಿಂತ್ಕಂಡ್ರೆ ನಾನೂ ನಿಂತ್ಕತೀನಿ ಕಣವ್ವ. ನಿಮ್ಮಪ್ಪನ್ ತಾವ ನಾನ್ ಮಾತಾಡ್ತೀನಿ. ನನ್ ಮಾತಿಗೆ ಒಂದ್ ಬಲ ಬೇಕು, ಅಷ್ಟೇಯ.”

ಕೊನೆಯ ಕಂತಿನ ಭಾನುವಾರ ನೆಲ ಕಾಣದಷ್ಟು ಜನ. ಟೀವಿಯ ಹುಡುಗಿ ಬಸ್ಸು ಇಳಿದಳು, ಗಂಡನ ಊರಿನ ಬೀದಿಯಲ್ಲಿ ನಡೆದಳು, ಬಾಗಿಲ ಮುಂದೆ ನಿಂತಳು, ಹೊಸ್ತಿಲು ದಾಟಿ ಒಳಗೆ ಹೋದಳು. ಅಲ್ಲಿಗೆ ಚಿತ್ರ ಕಪ್ಪಾಯಿತು. ನರಸಿಂಹರಾಜು ಎದ್ದು ಡೆಕ್ಕು ಆರಿಸಿದ. “ಕರೆಂಟ್ ಓಗ್ಬುಡ್ತು ಕಣ್ರಪ್ಪ, ಗುರುವಾರ. ರಾತ್ರೆ ಹತ್ತು ಗಂಟೇಗೇ ಬಂದಿದ್ದು. ಪಕ್ಕದ ಬೀದಿಯೋರನ್ನ ಕೇಳ್ದೆ. ಗಂಡ ತಪ್ಪಾಯ್ತು ಅಂದ, ಇವ್ಳು ಕಣ್ಣೊರೆಸ್ಕಂಡು ಒಲೆ ಹಚ್ಚುದ್ಲು. ಒಂದಾದ್ರು. ಅಷ್ಟೇ ಕತೆ” ಎಂದ. ಹೆಂಗಸರು ಮೂಗು ಸೀಟಿಕೊಂಡರು. ಹಿರಿಯರು ಎದ್ದು ಪಂಚೆ ಕೊಡವಿಕೊಂಡರು.

ಬುಧವಾರ ಮಂಗಳಳನ್ನು ಕಳಿಸಿದರು. ಬಸ್ಸು ಹತ್ತಿಸುವಾಗ ಕಾಟಮ್ಮ ಹೇಳಿದ್ದು ಇಷ್ಟೇ: “ಅಂಥಾ ಓದಿದ್ ಹೆಣ್ಣೇ ತಿರುಗಿ ಗಂಡನ್ ಮನೆಗೆ ಓದ್ಲು. ಇನ್ನ ನಾನ್ ಏನಂತ ಮಾತಾಡ್ಲವ್ವ.”

ಮುಂದಿನದನ್ನು ಉದ್ದ ಮಾಡುವ ಅಗತ್ಯವಿಲ್ಲ. ಚಿಕ್ಕರಂಗಯ್ಯ ತಪ್ಪಾಯಿತು ಎನ್ನಲಿಲ್ಲ. ಇಪ್ಪತ್ತೆರಡು ವರ್ಷ ಕುಡಿದ, ಹೊಡೆದ, ಕೊನೆಗೆ ಲಿವರು ಕೆಟ್ಟು ಸತ್ತ. ಟ್ರಂಕು ತೆಗೆದಾಗ ಅಂಕಪಟ್ಟಿಗಳು ಗೆದ್ದಲು ತಿಂದು ಪುಡಿಯಾಗಿದ್ದವು. ಮೇಡಂ ಎನಿಸಿಕೊಂಡು ಹೋಗಬೇಕಿದ್ದ ಶಾಲೆಗೆ ಮಂಗಳಾ ಸೌಟು ಹಿಡಿದು ಹೋದಳು. ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಭಾಗಾಕಾರ ಬರೆದರೆ ಅಡುಗೆ ಕೋಣೆಯಿಂದಲೇ “ಸಾರ್, ಏಳೆಂಟ್ಲ ಐವತ್ತಾರು” ಎನ್ನುತ್ತಾಳೆ. ಆ ಮೇಷ್ಟ್ರನ್ನು ಕಂಡರೆ ಅವಳಿಗೆ ಕೋಪವೂ ಇಲ್ಲ, ತಾತ್ಸಾರ. ತನ್ನ ಕುರ್ಚಿಯಲ್ಲಿ ಯಾರೋ ಕುಳಿತು ಮೊಬೈಲು ಒತ್ತುತ್ತಿದ್ದಾರೆ ಎನ್ನುವ ತಾತ್ಸಾರ.

ನಾಲ್ಕು ವರ್ಷದ ಹಿಂದೆ ಮಗಳು ಯಶಸ್ವಿನಿ ಮೊಬೈಲು ಹಿಡಿದುಕೊಂಡು ಬಂದಳು. “ಅಮ್ಮ, ನೀನು ಯಾವಾಗ್ಲೂ ಬೈತಿರ್ತೀಯಲ್ಲ, ಆ ಹಳೇ ಸೀರಿಯಲ್ಲು, ಯಾರೋ ಹಾಕವ್ರೆ ನೋಡು.” ಮಂಗಳಾ ಹುರುಳಿಕಾಯಿ ಸೋಸುತ್ತ ಹದಿಮೂರೂ ಕಂತು ನೋಡಿದಳು. ಕೊನೆಯ ಕಂತಿನಲ್ಲಿ ಆ ಹುಡುಗಿ ಬಸ್ಸು ಇಳಿದಳು, ಹೊಸ್ತಿಲು ದಾಟಿದಳು, ಅಡುಗೆಮನೆ ದಾಟಿದಳು, ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ತನ್ನ ಸರ್ಟಿಫಿಕೇಟುಗಳನ್ನು ಎತ್ತಿಕೊಂಡಳು. ಗಂಡ ಅಡ್ಡ ನಿಂತ. ‘ದಾರಿ ಬಿಡಿ’ ಎಂದಳು. ಬಂದ ಬಾಗಿಲಲ್ಲೇ ಹೊರಗೆ ಹೋದಳು. ಹುರುಳಿಕಾಯಿ ಬುಟ್ಟಿ ಮಂಗಳಳ ಮಡಿಲಿನಿಂದ ಜಾರಿ ನೆಲದ ಮೇಲೆಲ್ಲ ಚೆಲ್ಲಿತು. ಆ ಎರಡು ನಿಮಿಷವನ್ನು ಅವತ್ತು ಏಳು ಸಲ ನೋಡಿದಳು.

ಮಾರನೆಯ ದಿನ ಮಾವನಿಗೆ ಫೋನು ಮಾಡಿದಳು. ಅತ್ತಿಂದ ಅದೇ ಮಾತು. “ಕರೆಂಟ್ ಓಗಿತ್ತು ಕಣಮ್ಮ. ಜನ ಏನ್ ಏಳುದ್ರೋ ಅದನ್ನ ಏಳ್ದೆ. ನಂಗೇನ್ ಗೊತ್ತು?” ಇರಬಹುದು. ತೊಂಬತ್ತರಲ್ಲಿ ಕರೆಂಟು ಹೋಗುವುದೇನು ಹೊಸದೆ? ಅವಳಿಗೆ ನಿದ್ದೆ ಕೆಡಿಸಿದ್ದು ಅದೇ. ಕರೆಂಟು ಹೋದದ್ದೇ ನಿಜವಾದರೆ ಬೈಯಲು ಯಾರೂ ಉಳಿಯುವುದಿಲ್ಲ, ಬರೀ ಹಣೆಬರಹ. ಅವನೇ ಒತ್ತಿದ್ದಾದರೆ ಹಣೆಬರಹವಲ್ಲ, ಸೋದರಮಾವ. ಇದೊಂದು ತಿಳಿಯದೆ ತಾನು ಸಾಯಬಾರದು ಎಂದು ಮಂಗಳಾ ತೀರ್ಮಾನಿಸಿದ್ದಳು. ಆದರೆ ತಿಳಿಯುವ ದಾರಿ ಇರಲಿಲ್ಲ. ಕ್ಯಾಸೆಟ್ಟುಗಳು ಕೊರಟಗೆರೆಯ ಅಟ್ಟದ ಮೇಲಿದ್ದವು, ಡೆಕ್ಕು ಯಾವತ್ತೋ ಗುಜರಿಗೆ ಹೋಗಿತ್ತು.

ಈಗ ಸನ್ಮಾನದ ಸುದ್ದಿಯ ಜೊತೆ ಪ್ರಿಯಾಂಕ ಗುಂಪಿಗೆ ಒಂದು ಚಿತ್ರ ಹಾಕಿದಳು. ಅಟ್ಟದಿಂದ ಇಳಿಸಿದ ಕ್ಯಾಸೆಟ್ಟುಗಳ ಸಾಲು, ಮೇಲೆ ಅಜ್ಜನ ಕೈಬರಹ. ನೂರಾರು ಜನ ಕೈಮುಗಿದರು. ಮಂಗಳಾ ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮೂರನೆಯ ಸಾಲಿನಲ್ಲಿ ಒಂದರ ಮೇಲೆ ಬರೆದಿತ್ತು: ‘ಧಾರಾವಾಹಿ ೧೩ ಕೊನೆ, ರೇಷ್ಮೆ.’

ರೇಷ್ಮೆಯ ಕಾರ್ಯಕ್ರಮ ಅದೇ ಗುರುವಾರದ್ದೋ, ಇನ್ನೊಂದು ದಿನದ್ದೋ? ಅದೇ ಗುರುವಾರದ್ದಾದರೆ ಕರೆಂಟು ಹೋದದ್ದು ಸುಳ್ಳು. ಕ್ಯಾಸೆಟ್ಟು ಓಡಿದರೆ ಗೊತ್ತಾಗುತ್ತದೆ. ಅವಳು ಪ್ರಿಯಾಂಕಳಿಗೆ ಫೋನು ಮಾಡಿ, ಸನ್ಮಾನಕ್ಕೆ ಬರುತ್ತೇನೆ, ಆದರೆ ಆ ಧಾರಾವಾಹಿಯ ಕೊನೆಯ ಕಂತು ಹಾಕಬೇಕು ಎಂದಳು.

“ಅಯ್ಯೋ ದೊಡ್ಡಮ್ಮ, ಸೂಪರ್! ನಿಮಗೂ ಅದು ಫೇವರಿಟ್ಟಾ?”

“ಹ್ಞೂಂ ಕಣಮ್ಮ. ಬಲೇ ಫೇವರಿಟ್ಟು.”

“ಶಿರಾದಲ್ಲಿ ಒಬ್ರ ಹತ್ರ ಕೆಲಸ ಮಾಡೋ ಡೆಕ್ ಇದೆಯಂತೆ. ನೀವು ಆ ಕಡೆಯಿಂದಾನೇ ಬರ್ತೀರಲ್ಲ, ತಂದುಬಿಡ್ತೀರಾ?”

ಹೀಗೆ ಆ ಭಾನುವಾರ ಡೆಕ್ಕು ಮಂಗಳಳ ತೊಡೆ ಏರಿತು. ಶಿರಾದ ರಿಪೇರಿ ಅಂಗಡಿಯ ಸಾಬರು ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದರು. “ಹೆಡ್ಡು ಸಾಫ್ ಮಾಡಿದೀನಿ ಅಮ್ಮಾ. ಕ್ಯಾಸೆಟ್ಟಲ್ಲಿ ಬೂಷ್ಟು ಇದ್ರೆ ಒರೆಸ್ಕಂಡು ಹಾಕಿ. ಇಲ್ದಿದ್ರೆ ಖರಾಬ್ ಆಗೋಗ್ತದೆ. ಒಂದೇ ಸಲ ಓಡಿದ್ರೂ ಓಡ್ತು, ಭರೋಸಾ ಇಲ್ಲ.” ಒಂದೇ ಸಲ ಸಾಕಾಗಿತ್ತು. ಮಧುಗಿರಿ, ಕೊರಟಗೆರೆ ದಾಟಿ ಊರಿನ ಬಸ್ಸು ಹಿಡಿಯುವವರೆಗೂ ಅವಳು ಡೆಕ್ಕನ್ನು ಪಕ್ಕದ ಸೀಟಿಗೂ ಇಳಿಸಲಿಲ್ಲ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಫ್ಲೆಕ್ಸಿನಲ್ಲಿ ನರಸಿಂಹರಾಜುವಿನ ಮುಖ ಕುಂಬಳಕಾಯಿ ಗಾತ್ರಕ್ಕೆ ಉಬ್ಬಿತ್ತು, ಸುತ್ತ ಹೂವಿನ ಬದಲು ಕ್ಯಾಸೆಟ್ಟುಗಳ ಹಾರ. ಎಪ್ಪತ್ತಾರರ ಮುದುಕ ಮೈಸೂರು ಪೇಟ ಹಾಕಿಕೊಂಡು, ಜರಿ ಶಾಲು ಹೊದ್ದು, ಬಾಳೆಹಣ್ಣಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ವೇದಿಕೆಯ ಮೇಲೆ ಕುಳಿತಿದ್ದ. ಸೋದರ ಸೊಸೆಯನ್ನು ಕಂಡು ನಕ್ಕ. ಮಂಗಳಾ ನಗಲಿಲ್ಲ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಟಮ್ಮ ಕುಳಿತಿದ್ದಳು. ಎಂಬತ್ತೆರಡು ವರ್ಷ, ಎರಡು ಕಿವಿಯೂ ಮಂದ, ತಮ್ಮನಿಗೆ ಪೇಟ ಹಾಕಿದ್ದಾರೆ ಎಂಬಷ್ಟರಲ್ಲೇ ಸಂತೋಷ. ಮಂಗಳಾ ಅವಳ ಪಕ್ಕ ಕುಳಿತಳು.

ಮೈಕು ಹಿಡಿದವರೆಲ್ಲ ಕಣ್ಣು ಒದ್ದೆ ಮಾಡಿಕೊಂಡರು. ಆ ಪ್ರೀತಿ ಈಗೆಲ್ಲಿದೆ ಎಂದರು. ಈಗ ಮನೆಗೊಂದು ಟೀವಿ, ಕೈಗೊಂದು ಮೊಬೈಲು, ಮನಸ್ಸೇ ಇಲ್ಲ ಎಂದು ಹೇಳಿದವನೊಬ್ಬ ತನ್ನ ಭಾಷಣವನ್ನು ಮೊಬೈಲು ನೋಡಿಯೇ ಓದಿದ. ನರಸಿಂಹರಾಜು ಕೂಡ ಎದ್ದು ಮಾತಾಡಿದ. “ಜಾತಿ ಇಲ್ಲ ಮತ ಇಲ್ಲ, ಎಲ್ಲಾ ಒಂದೇ ಮನೆಯೋರಂಗೆ ಕುಂತ್ಕಂಡು ನೋಡ್ತಿದ್ವಿ. ಅದೊಂದು ಕಾಲ.” ಚಪ್ಪಾಳೆಯೋ ಚಪ್ಪಾಳೆ.

ಮಂಗಳಳ ಹಿಂದೆ ಯಾರೋ ಸಣ್ಣಗೆ ಕೆಮ್ಮಿದರು. ತಿರುಗಿದರೆ ಅಡವಯ್ಯ, ಗ್ರಾಮ ಪಂಚಾಯ್ತಿಯ ಸದಸ್ಯ, ಕೆಳಗಿನ ಕಾಲೋನಿಯವನು. “ಎಲ್ರೂ ಕುಂತ್ಕಂಡ್ ನೋಡುದ್ರಂತೆ ಮಂಗಳಕ್ಕ. ನಾನ್ ಎಂಟ್ ವರ್ಷ ನಿಮ್ಮನೆ ಕಿಟಕಿ ಆಚೆ ನಿಂತ್ಕಂಡ್ ನೋಡ್ದೆ. ಮಧ್ಯದಾಗೆ ಸರಳು. ಎಲ್ಲಾ ಹೀರೋಗಳ್ಗೂ ಮೂಗಿನ ಮೇಲೆ ಒಂದೊಂದು ಸರಳು.” ಅವನು ನಗುತ್ತಲೇ ಹೇಳಿದ. ಆ ಕಿಟಕಿ ತಮ್ಮದೇ ಮನೆಯದು, ಒಳಗೆ ಬಾ ಎಂದು ತಾನೂ ಒಂದು ದಿನ ಕರೆದಿರಲಿಲ್ಲ ಎನ್ನುವುದು ಮಂಗಳಳಿಗೆ ನೆನಪಿತ್ತು. ಅವಳ ತಾತ್ಸಾರದಲ್ಲಿ ಅವಳಿಗೂ ಒಂದು ಪಾಲಿತ್ತು. ಅವಳು ತಲೆ ತಗ್ಗಿಸಿದಳು.

ಆಮೇಲೆ ಪ್ರಿಯಾಂಕ ಡೆಕ್ಕಿಗೆ ಕ್ಯಾಸೆಟ್ಟು ತುರುಕಿದಳು. ಅಜ್ಜ ಯಾವುದು ಹಾಕಿದೆ ಎಂದು ಕೇಳಿದ. ಧಾರಾವಾಹಿಯ ಕೊನೆ ಕಂತು ತಾತ, ಮಂಗಳಾ ದೊಡ್ಡಮ್ಮನ ಫೇವರಿಟ್ಟು ಎಂದಳು. ನರಸಿಂಹರಾಜುವಿನ ಮುಖ ಒಂದು ಕ್ಷಣ ಸಪ್ಪಗಾಯಿತು. “ಅದು ಬೂಷ್ಟು ಇಡ್ದೈತೆ, ಬ್ಯಾರೆ ಆಕವ್ವ” ಎಂದ. ಬೂಷ್ಟನ್ನು ಮಂಗಳಾ ಆಗಲೇ ಒರೆಸಿಕೊಟ್ಟಾಗಿತ್ತು.

ವೇದಿಕೆಯ ಮೇಲಿಟ್ಟಿದ್ದ ಟೀವಿಯಲ್ಲಿ ಚಿತ್ರ ಬಂತು. ಮೇಲೆ ಕೆಳಗೆ ಗೀರು, ಬಣ್ಣ ಸೋರಿಹೋದ ಸೀರೆಗಳು. ಜನ ಸಿಳ್ಳೆ ಹೊಡೆದರು. ಟೀವಿಯ ಹುಡುಗಿ ಬಸ್ಸು ಇಳಿದಳು, ಬೀದಿಯಲ್ಲಿ ನಡೆದಳು, ಹೊಸ್ತಿಲು ದಾಟಿದಳು. ಕಪ್ಪು.

“ಕರೆಂಟ್ ಓಯ್ತು ಅವತ್ತು” ಎಂದು ನರಸಿಂಹರಾಜು ಮೈಕಿನಲ್ಲಿ ತಾನಾಗಿಯೇ ಹೇಳಿದ. ಯಾರೂ ಕೇಳಿರಲಿಲ್ಲ. “ರಾತ್ರೆ ಹತ್ತು ಗಂಟೇಗೇ ಬಂದಿದ್ದು. ಆಗೆಲ್ಲ ಇಂಗೇ ಅಲ್ವಾ?” ಜನ ಹೌದು ಹೌದು ಎಂದು ನಕ್ಕರು. ಕರೆಂಟು ಹೋಗುತ್ತಿದ್ದುದೂ ಅವರಿಗೆ ಈಗ ಸವಿನೆನಪು.

ಅಷ್ಟರಲ್ಲಿ ಕಪ್ಪು ಕದಲಿತು. ಪರದೆಯ ಮೇಲೆ ಒಬ್ಬಳು ನಿರೂಪಕಿ ಮೂಡಿದಳು. ಕಿವಿಯ ಹಿಂದೆ ಗುಲಾಬಿ ಮುಡಿದಿದ್ದಳು, ಅಂಚಿನ ಸೀರೆ ಉಟ್ಟಿದ್ದಳು. “ಇದುವರೆಗೆ ನೀವು ನೋಡಿದ್ದು ಧಾರಾವಾಹಿಯ ಕೊನೆಯ ಕಂತು. ಈಗ ಸಮಯ ಎಂಟು ಗಂಟೆ. ಮುಂದಿನ ಕಾರ್ಯಕ್ರಮ, ರೇಷ್ಮೆ ಹುಳುಗಳಿಗೆ ಬರುವ ಸಪ್ಪೆ ರೋಗದ ಬಗ್ಗೆ ಒಂದು ಚರ್ಚೆ” ಎಂದಳು.

ಅಂಗಳವೆಲ್ಲ ಕುಣಿದಾಡಿತು. “ಅಯ್ಯೋ, ಆ ಅನೌನ್ಸರು! ಗುಲಾಬಿ ನೋಡ್ರೋ!” ಎಂದು ಕೂಗಿದರು. ಹತ್ತಾರು ಮೊಬೈಲುಗಳು ಮೇಲೆದ್ದವು. ಅವಳು ಏನು ಹೇಳಿದಳು ಎಂಬುದನ್ನು ಆ ನೆನಪಿನ ಜಾತ್ರೆಯಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡವರು ಇಬ್ಬರು. ಒಬ್ಬ ಪೇಟ ಹಾಕಿಕೊಂಡೇ ಕುರ್ಚಿಯಿಂದ ಎದ್ದು ಡೆಕ್ಕಿನ ಕಡೆ ಬಾಗಿದ. ಹೆಬ್ಬೆರಳು ಗುಂಡಿ ಹುಡುಕಿತು. ಇನ್ನೊಬ್ಬಳು ಅಷ್ಟರಲ್ಲಿ ವೇದಿಕೆ ಏರಿ ಆ ಕೈಯನ್ನು ಹಿಡಿದಿದ್ದಳು.

“ಓಡ್ಲಿ ಬುಡು ಮಾವ.”

“ಸಾಕ್ ಕಣಮ್ಮ. ಜನಕ್ಕೆ ಬೇಜಾರು.”

“ಜನ ಕುಣೀತಾವ್ರೆ. ನಿಂಗೆ ಬೇಜಾರು.” ಮಂಗಳಾ ಇನ್ನೊಂದು ಕೈಯಲ್ಲಿ ಅವನ ಮೈಕು ತೆಗೆದುಕೊಂಡಳು. ಅಡುಗೆ ಕೋಣೆಯಿಂದ ಲೆಕ್ಕ ತಿದ್ದುವ ದನಿಯೇ ಬಂತು. “ಎಂಟ್ ಗಂಟೆ ಅಂದ್ಲು ಆಯಮ್ಮ. ಇದುವರೆಗೆ ಕೊನೇ ಕಂತು ನೋಡುದ್ರಿ ಅಂದ್ಲು. ಸೀರಿಯಲ್ಲು ಮುಗಿದ ತಕ್ಷಣ ಬಂದಿದ್ದು. ಕರೆಂಟ್ ಹತ್ತು ಗಂಟೆಗೆ ಬಂದಿದ್ರೆ ಇದು ಕ್ಯಾಸೆಟ್ಟಿಗೆ ಹೆಂಗ್ ಬಂತು ಮಾವ? ನಿನ್ ರೇಷ್ಮೆ ಹುಳಕ್ಕೆ ಕರೆಂಟ್ ಇತ್ತು. ನಂಗೆ ಇರ್ಲಿಲ್ಲ. ಅಲ್ವಾ?”

ಮುಂದಿನ ಸಾಲಿನ ನಗು ಮೊದಲು ನಿಂತಿತು, ಹಿಂದಿನದು ಆಮೇಲೆ. ಯಾರೋ ಒಬ್ಬರು “ಅಯ್ಯೋ ಹಳೇದೆಲ್ಲ ಯಾಕಕ್ಕ ಈಗ” ಎಂದರು. ಹಳೆಯದಕ್ಕಾಗಿಯೇ ಶಾಮಿಯಾನ ಹಾಕಿಸಿದವರು ಅವರು. ಮಂಗಳಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮೈಕನ್ನು ಮಾವನ ಬಾಯಿಗೆ ಹಿಡಿದಳು.

“ನೀನೇ ಒತ್ತಿದ್ದಾ? ಅಷ್ಟು ಯೋಳು. ಬ್ಯಾರೆ ಏನೂ ಬ್ಯಾಡ.”

ನರಸಿಂಹರಾಜು ಪೇಟ ಸರಿಮಾಡಿಕೊಂಡ, ಶಾಲು ಸರಿಮಾಡಿಕೊಂಡ. ಕೈ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಮೂವತ್ತು ಕೆ.ಜಿ. ಅಕ್ಕಿಯ ಪಾತ್ರೆ ಇಳಿಸುವ ಕೈ ಅದು. ಕೊನೆಗೆ ಸಿಡುಕಿದ.

“ಒತ್ತಿದೆ. ಏನೀಗ? ಸಂಬಂಧ ತಂದೋನು ನಾನು. ನೀನ್ ಬುಟ್ ಬಂದಿದ್ರೆ ಊರು ಯಾರಿಗ್ ಉಗೀತಿತ್ತು? ನನ್ ಮಾತಿಗೆ ಏನ್ ಬೆಲೆ ಇರ್ತಿತ್ತು? ನಿನ್ ಒಳ್ಳೇದಕ್ಕೇ ಒತ್ತಿದ್ದು ಕಣಮ್ಮ.”

ಮೈಕಿನಲ್ಲಿ ಅದು ಬೆಟ್ಟದ ಬುಡದವರೆಗೂ ಕೇಳಿಸಿತು. ಮಂಗಳಾ ಅವನ ಕೈ ಬಿಟ್ಟಳು. ಕಪಾಳಕ್ಕೆ ಹೊಡೆಯಬೇಕು ಅನಿಸಿತ್ತು ಬಸ್ಸಿನಲ್ಲಿ ಬರುವಾಗ. ಈಗ ನೋಡಿದರೆ ಹೊಡೆಯಲು ಅಲ್ಲಿ ಏನೂ ಇರಲಿಲ್ಲ, ಬಾಡಿಗೆ ಪೇಟದ ಒಳಗೆ ಒಂದು ಅಂಜುಬುರುಕ ಮುಖ. ಇಂಥವನಿಗೆ ಊರು ಮೊದಲ ಲೋಟದ ಕಾಫಿ ಕೊಟ್ಟಿತು, ತಾನು ಮೂವತ್ತೈದು ವರ್ಷ ಕೊಟ್ಟೆ ಎಂದು ಅವಳಿಗೆ ಅಸಹ್ಯವಾಯಿತು. “ತಗ, ಇನ್ನ ಸನ್ಮಾನ ಮುಂದುವರ್ಸಿ” ಎಂದು ಮೈಕನ್ನು ಪ್ರಿಯಾಂಕಳ ಕೈಗಿಟ್ಟಳು. ಆ ಹುಡುಗಿ ಮೊಬೈಲು ಎತ್ತಿ ಹಿಡಿದದ್ದು ಹಿಡಿದ ಹಾಗೇ ನಿಂತಿದ್ದಳು.

ಬೇಕಾದದ್ದು ಸಿಕ್ಕಿತ್ತು. ಇನ್ನು ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹಿಡಿದರಾಯಿತು ಎಂದು ಮಂಗಳಾ ವೇದಿಕೆ ಇಳಿದಳು. ಕಾಟಮ್ಮ ಮಗಳ ಸೆರಗು ಹಿಡಿದು ಜಗ್ಗಿದಳು. ಎಲ್ಲರೂ ಯಾಕೆ ಸುಮ್ಮನಾದರು ಎಂಬುದು ಆ ಮುದುಕಿಗೆ ತಿಳಿದಿರಲಿಲ್ಲ.

“ಏನಂದವ್ವ ಅವ್ನು? ಯಾಕೆ ಎಲ್ರೂ ಇಂಗ್ ಕುಂತವ್ರೆ?”

ಮಂಗಳಾ ಬಗ್ಗಿ ತಾಯಿಯ ಕಿವಿಗೆ ಬಾಯಿ ಹಚ್ಚಿದಳು. ಮೆಲ್ಲಗೆ ಹೇಳಿದರೆ ಕೇಳುವ ಕಿವಿಯಲ್ಲ. ಊರಿಗೆಲ್ಲ ಕೇಳುವಂತೆ ಕೂಗಿಯೇ ಹೇಳಬೇಕಾಯಿತು. “ಆ ಟೀವಿ ಹುಡ್ಗಿ ಗಂಡನ್ ಮನೇಲಿ ಉಳೀಲಿಲ್ಲ ಅವ್ವಾ. ಸರ್ಟಿಫಿಕೇಟ್ ತಗಳಾಕೆ ಓಗಿದ್ಲು. ತಗಂಡು ಆಚೆ ಬಂದ್ಬುಟ್ಲು. ಮಾವ ಅದನ್ನ ತೋರುಸ್ಲಿಲ್ಲ.”

ಕಾಟಮ್ಮ ವೇದಿಕೆಯ ಮೇಲಿನ ತಮ್ಮನನ್ನು 	ನೋಡಿದಳು, ಮತ್ತೆ ಮಗಳನ್ನು ನೋಡಿದಳು.

“ಉಳೀಲಿಲ್ವಾ?”

“ಇಲ್ಲ.”

“ಗಟ್ಟಿಯಾಗಿ ನಿಂತ್ಕಂಡ್ಲಾ?”

“ನಿಂತ್ಕಂಡ್ಲು ಅವ್ವ.”

ಮುದುಕಿ ಮಗಳ ಕೈ ಹಿಡಿದುಕೊಂಡಳು. ಅಡುಗೆ ಪಾತ್ರೆ ಹಿಡಿದು ಹಿಡಿದು ಒರಟಾಗಿದ್ದ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಂಗಾರೆ ನಾನ್ ಯಾಕವ್ವ ನಿನ್ನ ಕಳುಸ್ದೆ?”

ಊರಿನ ಒಬ್ಬೊಬ್ಬರಿಗೂ ಒಂದೊಂದು ಬೈಗುಳವನ್ನು ಕೂಡಿಟ್ಟುಕೊಂಡು ಬಂದಿದ್ದ ಮಂಗಳಾ ತಾಯಿಯ ಕಾಲ ಬಳಿ ನೆಲದ ಮೇಲೆ ಕುಸಿದು ಕುಳಿತು, ಅಷ್ಟು ಜನರ ಮುಂದೆ ಅತ್ತುಬಿಟ್ಟಳು.